ಮಾತು ಹೋಯಿತು, ಕೂನ್ ಎಂಬ ಹೆಸರು ನಿಂತಿತು

ಹಂಗೇರಿಯ ಕರ್ಟ್ಸಗ್ ಪಟ್ಟಣದ ವಾರೋ ಇಷ್ಟ್ವಾನ್ ತೀರಿಕೊಂಡದ್ದು 1770ರಲ್ಲಿ. ಕುಮಾನ್ ಭಾಷೆ ಬಲ್ಲವರಲ್ಲಿ ಕೊನೆಯವನು ಅವನೇ ಎಂದು ಆ ಸೀಮೆಯವರು ಹೇಳುತ್ತಾರೆ. ಏನು ಬಲ್ಲ, ಎಷ್ಟು ಬಲ್ಲ ಎಂದು ಕೆದಕಿದರೆ ಕೈಗೆ ಸಿಗುವುದು ಒಂದೇ ಒಂದು ಪ್ರಾರ್ಥನೆ, ಯೇಸು ಶಿಷ್ಯರಿಗೆ ಕಲಿಸಿದ್ದು. ಅದೂ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಸವೆದುಹೋಗಿ, ತುರ್ಕಿ ಭಾಷೆಗಳ ಪಂಡಿತರು ಬಿಡಿಸಿ ಜೋಡಿಸಿ ಓದಬೇಕಾಗಿದೆ.

ಈ ಕುಮಾನರ ಹಿರಿಯರು ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳಲ್ಲಿ ಮೆರೆದವರು. ರಷ್ಯನ್ನರಿಗೆ ಪೊಲೊವ್ಟ್ಸಿ, ಬೈಜಾಂಟಿಯಮ್‌ನವರಿಗೆ ಕುಮಾನ್, ಅರಬ್ಬಿ-ಪಾರಸಿ ಬರಹಗಾರರಿಗೆ ಕಿಪ್ಚಾಕ್, ಹಂಗೇರಿಯನ್ನರಿಗೆ ಕೂನ್. ಈಜಿಪ್ಟಿನ ಸುಲ್ತಾನ್ ಬೈಬರ್ಸ್ ಕೂಡ ಗುಲಾಮನಾಗಿ ಮಾರಾಟವಾದ ಕಿಪ್ಚಾಕ್ ಹುಡುಗನೇ. ಇವರ ಬಗ್ಗೆ ಬರೆದಿಟ್ಟವರೆಲ್ಲ ಬೇರೆಯವರು: ಕೊಂಡವರು, ಕಾದಾಡಿದವರು, ಮತಾಂತರಿಸಲು ಬಂದವರು. ವೆನಿಸ್‌ನ ಮಾರ್ಚಾನಾ ಗ್ರಂಥಾಲಯದಲ್ಲಿರುವ ‘ಕೋಡೆಕ್ಸ್ ಕುಮಾನಿಕಸ್’ ಹಸ್ತಪ್ರತಿಯೂ ಹಾಗೆಯೇ. ಲ್ಯಾಟಿನ್, ಪಾರಸಿ, ಕುಮಾನ್ ಎಂದು ಮೂರು ಕಾಲಂಗಳಲ್ಲಿ ವ್ಯಾಪಾರಕ್ಕೆ ಬೇಕಾದ ಪದಗಳು. ಇನ್ನೊಂದು ಭಾಗದಲ್ಲಿ ಜರ್ಮನ್ ಪಾದ್ರಿಗಳು ಕೇಳಿ ಬರೆದುಕೊಂಡ ಒಗಟುಗಳು. ಒಗಟು ಒಡ್ಡಿದವರು ಯಾರೆಂದು ಬರೆದಿಡುವಷ್ಟು ವ್ಯವಧಾನ ಪಾದ್ರಿಗಳಿಗೆ ಎಲ್ಲಿತ್ತು!

ಮಂಗೋಲರಿಂದ ತಪ್ಪಿಸಿಕೊಂಡು ಕುಮಾನರ ಖಾನ್ ಕೋಟೆನ್ 1239ರಲ್ಲಿ ತನ್ನ ಜನರೊಂದಿಗೆ ಹಂಗೇರಿಯ ದೊರೆ ನಾಲ್ಕನೇ ಬೇಲಾನ ಆಶ್ರಯಕ್ಕೆ ಬಂದ. 1241ರಲ್ಲಿ, ಶತ್ರುವಿನ ಕಡೆಯವನೆಂಬ ಗುಮಾನಿಯ ಮೇಲೆ ಪೆಸ್ಟ್‌ನಲ್ಲಿ ಅವನನ್ನು ಕೊಂದರು. ರೊಚ್ಚಿಗೆದ್ದ ಜನ ಊರೂರು ಸುಲಿಯುತ್ತ ಹೊರಟುಹೋದರು. ಮಂಗೋಲರು ಹಿಂದಿರುಗಿದ ಮೇಲೆ ಬೇಲಾನೇ ಅವರನ್ನು ವಾಪಸು ಕರೆಸಿದ. ಬಯಲುಸೀಮೆಯಲ್ಲಿ ಜಮೀನು ಕೊಟ್ಟ, ಬದಲಿಗೆ ಕುದುರೆಪಡೆ ಪಡೆದ. ಆಮೇಲಿನ ಕೆಲವು ಶತಮಾನಗಳಲ್ಲಿ ಡೇರೆ ಹೋಗಿ ಮನೆ ಬಂತು, ಕ್ರೈಸ್ತಮತ ಬಂತು, ಮನೆಮಾತು ಹಂಗೇರಿಯನ್ ಆಯಿತು. ಹೆಸರನ್ನು ಮಾತ್ರ ಬಿಡಲಿಲ್ಲ. ಇವರ ವಿಶೇಷ ಹಕ್ಕುಗಳು ಆ ಹೆಸರಿಗೇ ಅಂಟಿದ್ದವು; ಬಿಟ್ಟರೆ ಜಮೀನ್ದಾರನ ಕೈಕೆಳಗೆ ದುಡಿಯಬೇಕಿತ್ತು.

1702ರಲ್ಲಿ ದೊರೆ ಲಿಯೋಪೋಲ್ಡ್ ಇವರ ಸೀಮೆಯನ್ನೇ ಟ್ಯೂಟಾನಿಕ್ ಎಂಬ ಜರ್ಮನ್ ಯೋಧ-ಸನ್ಯಾಸಿಗಳ ಪಂಥಕ್ಕೆ ಐದು ಲಕ್ಷ ಫೋರಿಂಟ್‌ಗೆ ಮಾರಿಬಿಟ್ಟ. 1745ರಲ್ಲಿ ರಾಣಿ ಮರಿಯಾ ತೆರೇಸಾ ಒಪ್ಪಿಗೆ ಕೊಟ್ಟ ಮೇಲೆ ಕೂನರೂ ನೆರೆಯ ಯಾಸ್ ಜನಾಂಗದವರೂ ದುಡ್ಡು ಒಟ್ಟುಹಾಕಿ ತಮ್ಮನ್ನು ತಾವೇ ಬಿಡಿಸಿಕೊಂಡರು. ಯಾರು ಎಷ್ಟು ಕೊಟ್ಟರೋ ಅವರಿಗೆ ಅಷ್ಟು ಜಮೀನು. ಕೊಡಲಾಗದವನು ಅಪ್ಪಟ ಕೂನನಾದರೂ ಪಾಲಿಲ್ಲ. ವಾರೋ ವಿಯೆನ್ನಾಕ್ಕೆ ಹೋಗಿ ರಾಣಿಯ ಆಸ್ಥಾನದಲ್ಲಿ ಪ್ರಾರ್ಥನೆ ಒಪ್ಪಿಸಿದನೆಂಬ ಕತೆ ಈ ದಿನಗಳದ್ದೇ. ನನಗೇನೋ ಅದು ಭಕ್ತಿಗಿಂತ ಹೆಚ್ಚಾಗಿ ಹಕ್ಕುಪತ್ರ ತೋರಿಸಿದ ಹಾಗೆ ಕಾಣುತ್ತದೆ.

1876ರಲ್ಲಿ ಸರ್ಕಾರ ಕೂನರ, ಯಾಸರ ಸೀಮೆಗಿದ್ದ ವಿಶೇಷ ಜಿಲ್ಲೆಯ ಸ್ಥಾನವನ್ನು ರದ್ದು ಮಾಡಿತು. ತೋರಿಸಿ ಪಡೆಯಲು ಇನ್ನೇನೂ ಉಳಿಯದಿದ್ದರೂ, 20ನೇ ಶತಮಾನದಲ್ಲೂ ಅಲ್ಲಿನ ಶಾಲೆಮಕ್ಕಳು ಅರ್ಥ ತಿಳಿಯದ ಆ ಪ್ರಾರ್ಥನೆಯನ್ನು ಬಾಯಿಪಾಠ ಮಾಡುತ್ತಿದ್ದರು.