ಬೆಲೆಯಿಲ್ಲದ ಪುಸ್ತಕ, ಬೇಲಿಯಿಲ್ಲದ ಪುಸ್ತಕ

ರೊದ್ದಂ ಎಂಬುದನ್ನು ಮನೆತನದ ಹೆಸರಾಗಿ ಹೊತ್ತಿದ್ದ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಆರ್.ಎಲ್. ನರಸಿಂಹಯ್ಯನವರು ‘ಜಗತ್ತುಗಳ ಹುಟ್ಟು ಸಾವು’, ‘ನಕ್ಷತ್ರ ದರ್ಶನ’ ಮುಂತಾದ ಕೃತಿಗಳ ಮೂಲಕ ಖಗೋಳ ವಿಜ್ಞಾನವನ್ನು ಸಾಮಾನ್ಯ ಓದುಗರ ಕನ್ನಡಕ್ಕೆ ತಂದರು. ಅಧ್ಯಾಪಕನ ವಿದ್ಯೆ ತರಗತಿಯ ಆಚೆಗೂ ಸಲ್ಲಬೇಕೆಂಬ ಈ ನಿಲುವಿಗೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳೂ ಅಗ್ಗದ ಪುಸ್ತಿಕೆಗಳೂ ಒತ್ತಾಸೆಯಾಗಿದ್ದವು. ಆದರೆ ಅಗ್ಗದ ಪುಸ್ತಕವೆಲ್ಲ, ಅಷ್ಟೇಕೆ, ಪುಕ್ಕಟೆ ಸಿಗುವ ಪುಸ್ತಕವೆಲ್ಲ ಮುಕ್ತ ಪುಸ್ತಕವಲ್ಲ.

2002ರಲ್ಲಿ ಯುನೆಸ್ಕೊ ವೇದಿಕೆಯಲ್ಲಿ ಹೆಸರು ಪಡೆದು, 2019ರಲ್ಲಿ ಅದೇ ಸಂಸ್ಥೆಯ ಶಿಫಾರಸಿಗೆ ವಸ್ತುವಾದ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ವೆಂದರೆ, ಓದುವುದಕ್ಕಷ್ಟೇ ಅಲ್ಲದೆ ನಕಲು ಮಾಡಲು, ತಿದ್ದಲು, ಅನುವಾದಿಸಿ ಮರುಹಂಚಲು ಕರ್ತೃವೇ ಮೊದಲೇ ಒಪ್ಪಿಗೆ ಕೊಟ್ಟಿರುವ ಪಠ್ಯ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ಅಲ್ಲಿನ ಹೈಕೋರ್ಟ್ 2016ರಲ್ಲಿ, ಬೋಧನೆಗಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆಯೆಂದು ತೀರ್ಪಿತ್ತಿತು. ಬಡ ವಿದ್ಯಾರ್ಥಿಗೆ ಅದು ದೊಡ್ಡ ಆಸರೆಯೇ ಸರಿ, ಆದರೂ ಹಳತಾದ ಅಧ್ಯಾಯವನ್ನು ತಿದ್ದಿ ಹೊಸ ಪುಸ್ತಕ ಮಾಡುವ ಹಕ್ಕು ಅದರಿಂದ ದೊರೆಯದು.

ಆ ಹಕ್ಕು ಕನ್ನಡದಲ್ಲಿ ದೊಡ್ಡ ಪ್ರಮಾಣದಲ್ಲಿ ದೊರೆತದ್ದು, 1969ರಲ್ಲಿ ಮೊದಲ ಸಂಪುಟ ಕಂಡಿದ್ದ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಾಗ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದರ ಪುಟಗಳನ್ನು ಬೆರಳಚ್ಚಿಸಿ ವಿಕಿಸೋರ್ಸ್ ಎಂಬ ಮುಕ್ತ ಜಾಲಗ್ರಂಥಾಲಯಕ್ಕೆ ಸೇರಿಸುವ ಕೆಲಸದಲ್ಲಿ ತೊಡಗಿದರು. ಹೀಗೆ ವಿದ್ಯಾರ್ಥಿಯ ಅಭ್ಯಾಸವು ಅಂಕ ಬಿದ್ದೊಡನೆ ರದ್ದಿಯಾಗದೆ ಇತರರಿಗೂ ಒದಗುವಂತೆ ಪಾಠವನ್ನು ಹೆಣೆಯುವುದಕ್ಕೆ ‘ಮುಕ್ತ ಶೈಕ್ಷಣಿಕ ರೂಢಿ’ ಎನ್ನುತ್ತಾರೆ.

ಆಂಧ್ರಪ್ರದೇಶಕ್ಕೆ ಸೇರಿದ ರೊದ್ದಂ, ಮಡಕಶಿರಾ, ಅಮರಾಪುರಂಗಳಂಥ ಊರುಗಳ ಗಡಿಸೀಮೆಗೆ, ಪುಕ್ಕಟೆ ಪುಸ್ತಕಕ್ಕೂ ಮುಕ್ತ ಪುಸ್ತಕಕ್ಕೂ ಇರುವ ಈ ವ್ಯತ್ಯಾಸ ಬರಿಯ ತರ್ಕದ ಮಾತಲ್ಲ. ಇಲ್ಲಿನ ಕನ್ನಡ ಮನೆಮಾತಿನ ವಿದ್ಯಾರ್ಥಿಗೆ ಪದವಿಯ ಪಠ್ಯಕ್ರಮ ಬರುವುದು ಆಂಧ್ರದ ವಿಶ್ವವಿದ್ಯಾಲಯದಿಂದ; ಕರ್ನಾಟಕದ ಪಠ್ಯ ಅದಕ್ಕೆ ಪೂರಾ ಹೊಂದುವುದಿಲ್ಲ, ಬೆರಳೆಣಿಕೆಯ ಓದುಗರಿಗಾಗಿ ಯಾವ ಪ್ರಕಾಶಕನೂ ಬೇರೆ ಪುಸ್ತಕ ಅಚ್ಚು ಹಾಕಿಸುವುದಿಲ್ಲ. ಪರವಾನಗಿ ಮುಕ್ತವಾಗಿದ್ದರೆ ಹಿಂದೂಪುರದ ಅಧ್ಯಾಪಕರೊಬ್ಬರು ಮೈಸೂರಿನ ಬರಹವನ್ನೇ ತಮ್ಮ ಪಠ್ಯಕ್ರಮಕ್ಕೆ ಹೊಂದಿಸಿ, ತೆಲುಗಿನ ಪಾರಿಭಾಷಿಕ ಪದಗಳನ್ನೂ ಜೊತೆಗಿಟ್ಟು ಹಂಚಬಹುದು.

ಇದು ಬಿಟ್ಟಿ ದುಡಿಮೆಯಾಗಬಾರದು; ಸಂಶೋಧನ ಪ್ರಬಂಧಕ್ಕೆ ಸಿಗುವ ಮನ್ನಣೆ ಇಂಥ ಪಠ್ಯರಚನೆಗೂ ಅಧ್ಯಾಪಕರ ಬಡ್ತಿಯ ಲೆಕ್ಕದಲ್ಲಿ ಸಿಗಬೇಕು. ಸಾರ್ವಜನಿಕರ ಹಣದಲ್ಲಿ ಅಚ್ಚಾದ ಪುಸ್ತಕಗಳಿರುವ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಬರೆದವರ ಒಪ್ಪಿಗೆ ಪಡೆದು, ಮರುಮುದ್ರಣ ಕಾಣದೆ ನಿಂತುಹೋದ ಪಠ್ಯಗಳನ್ನಾದರೂ ಮೊದಲು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಿ.