ತಲೆಗೆ ಪೆಟ್ಟು ಬಿದ್ದಾಗ



ಹಂಪೆಯ ಬಂಡೆಯಿಂದ ಜಾರಿಬಿದ್ದ ಬಾಲಕನಾಗಲಿ, ಸಂಡೂರಿನ ಅದಿರು ಲಾರಿಗಳ ಹಾದಿಯಲ್ಲಿ ಬೈಕಿನಿಂದ ಉರುಳಿದ ತರುಣನಾಗಲಿ, ಕಂಪ್ಲಿಯ ಗದ್ದೆಯ ಬಳಿ ಟ್ರ್ಯಾಕ್ಟರಿನಿಂದ ಬಿದ್ದ ಆಳಾಗಲಿ, ಎದ್ದು ಕುಳಿತು ‘ನನಗೇನೂ ಆಗಿಲ್ಲ’ ಎಂದರೆ ಮನೆಯವರು ಸಮಾಧಾನಗೊಳ್ಳುವುದು ಸಹಜವು. ಆದರೆ ತಲೆಯ ಪೆಟ್ಟಿನಲ್ಲಿ ಆ ಮೊದಲ ಮಾತನ್ನೇ ನಂಬಿ ಸುಮ್ಮನಿರಲಾಗದು.

ತಲೆಬುರುಡೆಯು ಗಟ್ಟಿಯಾದ ಎಲುಬಿನ ಪೆಟ್ಟಿಗೆ. ಅದರೊಳಗೆ ರಕ್ತನಾಳವು ಹರಿದು ರಕ್ತವು ಕೂಡುತ್ತ ಹೋದರೆ, ಹಿಗ್ಗಲು ಎಡೆಯಿಲ್ಲದೆ ಮಿದುಳೇ ಅದುಮಿಹೋಗುವುದು. ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತವು ಕೂಡಿದಾಗ, ಗಾಯಾಳುವು ಒಮ್ಮೆ ಚೇತರಿಸಿಕೊಂಡು ಚೆನ್ನಾಗಿ ಮಾತನಾಡಿ, ಕೆಲವು ತಾಸುಗಳ ಮೇಲೆ ಪ್ರಜ್ಞೆ ತಪ್ಪುವುದುಂಟು. ಹೊರಗೆ ಗೀರೂ ಕಾಣದಿರಬಹುದು.

ಪ್ರಜ್ಞೆಯನ್ನು ಅಳೆಯುವ ಕ್ರಮವೊಂದನ್ನು 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬವರು ಪ್ರಕಟಿಸಿದರು. ಕಣ್ಣು ತಾನಾಗಿ ತೆರೆಯುವುದೋ, ಕರೆದರೆ ತೆರೆಯುವುದೋ ಎಂಬುದಕ್ಕೆ 4 ಅಂಕಗಳು. ಮಾತು ಸರಿಯಾಗಿದೆಯೋ, ತೊಡಕಾಗಿದೆಯೋ ಎಂಬುದಕ್ಕೆ 5. ಹೇಳಿದಂತೆ ಕೈಕಾಲು ಆಡಿಸುವನೋ ಎಂಬುದಕ್ಕೆ 6. ಒಟ್ಟು 15, ಅತಿ ಕಡಿಮೆ 3. 13ರಿಂದ 15 ಲಘು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕೂ ಕಡಿಮೆಯಾದರೆ ತೀವ್ರ. ಹೊಸಪೇಟೆಯ ವೈದ್ಯರು ಈ ಅಂಕವನ್ನು ಹೇಳಿದರೆ, ಬಳ್ಳಾರಿಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಅದರ ಅರ್ಥವು ಒಂದೇ.

ಒಂದು ಸಲದ ಅಂಕಕ್ಕಿಂತಲೂ ಅದರ ಏರಿಳಿತವು ಮುಖ್ಯವಾದುದು. 15 ಇದ್ದುದು 13ಕ್ಕೆ ಇಳಿದರೆ, ‘ಲಘು’ ಎಂಬ ಹೆಸರಿದ್ದರೂ ವೈದ್ಯರು ಎಚ್ಚರಗೊಳ್ಳುವರು, ಸಿ.ಟಿ. ಸ್ಕ್ಯಾನಿನಿಂದ ಒಳಗಿನ ರಕ್ತವನ್ನು ಕಂಡುಕೊಳ್ಳುವರು.

ಮನೆಯಲ್ಲಿ ನೋಡಿಕೊಳ್ಳುವವರು ತಾವೇ ಅಂಕ ಹಾಕಬೇಕಾಗಿಲ್ಲ. ಬದಲಾವಣೆಯನ್ನು ಗಮನಿಸಿದರೆ ಸಾಕು. ಮೇಲಿಂದ ಮೇಲೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ತಡವರಿಸುವ ಮಾತು, ಸೆಳವು, ಕೈಕಾಲಿನ ಬಲಹೀನತೆ, ಕಿವಿ ಮೂಗುಗಳಿಂದ ನೀರಿನಂಥ ಸ್ರಾವ—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ನ್ನು ಕರೆಯತಕ್ಕದ್ದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು, ಕುತ್ತಿಗೆಯನ್ನು ತಿರುಚಕೂಡದು. ಮದ್ಯದ ವಾಸನೆ ಬಂದಿತೆಂದು ಮಂಪರಿಗೆ ಕುಡಿತವೇ ಕಾರಣವೆಂದು ತೀರ್ಮಾನಿಸಲೂ ಕೂಡದು.

ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿರುವೆವು. ಅಂಥ ಉಪಕಾರಿಗಳಿಗೆ ತೊಂದರೆಯಾಗಬಾರದೆಂದು 2019ರ ಮೋಟಾರು ವಾಹನ ಕಾನೂನಿನ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ. ಎತ್ತಿದವರು ಇನ್ನೊಂದು ಉಪಕಾರವನ್ನೂ ಮಾಡಲಿ: ಪೆಟ್ಟು ಬಿದ್ದ ಗಳಿಗೆಯನ್ನೂ ಗಾಯಾಳುವು ಆಗ ಮಾತನಾಡಿದನೋ ಇಲ್ಲವೋ ಎಂಬುದನ್ನೂ ಚೀಟಿಯಲ್ಲಿ ಬರೆದು ಜೊತೆಗೆ ಕಳುಹಿಸಲಿ. ಆ ಎರಡು ಸಾಲುಗಳಿಂದಲೇ ಒಂದು ಪ್ರಾಣವು ಉಳಿಯಬಹುದು.