ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಿಂದ ಓದುಗರೊಬ್ಬರು ಕೇಳಿದ್ದಾರೆ. ರಸ್ತೆ ಪಕ್ಕದಲ್ಲೇ ಅವರ ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆ ಎಲ್ಲಕ್ಕೂ ಒಂದೇ ಕಂಪ್ಯೂಟರ್. "ಸ್ವಿಚ್ ಹಾಕಿದ್ರೆ ಸಿಪಿಯು ಆನ್ ಆಗುತ್ತೆ, ಫ್ಯಾನ್ ತಿರುಗುತ್ತೆ, ಲೈಟೂ ಬರುತ್ತೆ. ಡಿಸ್‌ಪ್ಲೇ ಮಾತ್ರ ಬರಲ್ಲ. ರಿಪೇರಿ ಹುಡುಗ ಬಂದು ರ‍್ಯಾಮ್ ಕಿತ್ತು, ಮಕ್ಕಳ ರಬ್ಬರಿನಲ್ಲಿ ಉಜ್ಜಿ ಹಾಕಿದ್ರೆ ಸರಿಹೋಗುತ್ತೆ. ಒಂದೆರಡು ತಿಂಗಳಿಗೆ ಮತ್ತೆ ಅದೇ ಕಥೆ. ಆ ರಬ್ಬರಿನಲ್ಲಿ ಅಂಥದ್ದೇನಿದೆ ಸಾರ್?"

ರಬ್ಬರಿನಲ್ಲಿ ಏನೂ ಇಲ್ಲ. ಇರುವುದೆಲ್ಲ ಕಿತ್ತು ಮತ್ತೆ ಹಾಕುವುದರಲ್ಲಿ.

ಮೊದಲು ಫ್ಯಾನಿನ ವಿಚಾರ. ಅದು ತಿರುಗಿದ್ದನ್ನು ಕಂಡು ಬೋರ್ಡ್ ಚೆನ್ನಾಗಿದೆ ಎಂದುಕೊಳ್ಳುವವರೇ ಹೆಚ್ಚು. ಫ್ಯಾನಿಗೆ ಬೇಕಾದ್ದು ಪವರ್ ಸಪ್ಲೈ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಕೊಡುವ 12 ವೋಲ್ಟ್, ಅಷ್ಟೇ. ಪ್ರೊಸೆಸರ್ ಎದ್ದಿತೋ ಇಲ್ಲವೋ ಅದಕ್ಕೆ ಸಂಬಂಧವೇ ಇಲ್ಲ. 12, 5, 3.3 ವೋಲ್ಟ್‌ಗಳು ಮೂರೂ ಒಂದು ಹದಕ್ಕೆ ಬಂದ ಮೇಲೆ ಎಸ್‌ಎಂಪಿಎಸ್ 100ರಿಂದ 500 ಮಿಲಿಸೆಕೆಂಡ್ ಕಾದು, ಬೇರೊಂದು ತಂತಿಯಲ್ಲಿ 'ಪವರ್ ಗುಡ್' ಎಂಬ ಸಂಕೇತ ಕಳಿಸುತ್ತದೆ. ಅದು ಬರುವ ತನಕ ಪ್ರೊಸೆಸರ್ ರೀಸೆಟ್‌ನಲ್ಲೇ ಕಟ್ಟಿಹಾಕಿದಂತೆ ಇರುತ್ತದೆ. ಬಂದ ಮೇಲೆ, ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ ಇರುವ ಬಯೋಸ್ ಚಿಪ್ಪಿನಿಂದ ಮೊದಲ ಆದೇಶವನ್ನು ಓದುತ್ತದೆ. ಆ ಹೊತ್ತಿಗೆ ರ‍್ಯಾಮ್ ಇನ್ನೂ ಬಳಕೆಗೆ ಸಿದ್ಧವಿರುವುದಿಲ್ಲ. ಪ್ರೊಸೆಸರ್ ತನ್ನೊಳಗಿನ ಪುಟ್ಟ ಕ್ಯಾಶ್‌ನಲ್ಲೇ ಹೇಗೋ ಸಂಭಾಳಿಸಿಕೊಂಡು ರ‍್ಯಾಮನ್ನು ಪರೀಕ್ಷಿಸಿ, ಅದರ ವೇಗಕ್ಕೆ ಹೊಂದಿಕೊಳ್ಳುತ್ತದೆ. ಪರದೆಯ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ. ಹಾಗಾಗಿ ರ‍್ಯಾಮ್ ಕೈಕೊಟ್ಟರೆ, 'ರ‍್ಯಾಮ್ ಕೈಕೊಟ್ಟಿದೆ' ಎಂದು ಪರದೆಯ ಮೇಲೆ ಬರೆಯುವುದಕ್ಕೂ ದಾರಿ ಇರುವುದಿಲ್ಲ.

1981ರಲ್ಲಿ ಪಿಸಿ ಹೊರತಂದ ಐಬಿಎಂನ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಅದಕ್ಕೇ ಒಳಗೊಂದು ಸ್ಪೀಕರ್ ಇಟ್ಟು ಬೀಪ್ ಮಾಡಿಸಿದರು. ಗಿಡ್ಡ ಬೀಪ್ ಒಂದೇ ಒಂದು ಬಂದರೆ ಎಲ್ಲ ಸರಿ. ಬಯೋಸ್ ಎಂಬ ಹೆಸರು ಅದಕ್ಕೂ ಹಳೆಯದು, ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ವ್ಯವಸ್ಥೆಗೆಂದು 1970ರ ದಶಕದಲ್ಲಿ ಇಟ್ಟದ್ದು. ಐಬಿಎಂನ ಬಯೋಸ್‌ಗೆ ಕಾಪಿರೈಟ್ ಇದ್ದುದರಿಂದ ಉಳಿದ ಕಂಪನಿಗಳು ಅದನ್ನು ನಕಲು ಮಾಡುವಂತಿರಲಿಲ್ಲ. ಒಂದು ತಂಡ ಐಬಿಎಂನ ಕೋಡ್ ಓದಿ ಅದು ಏನು ಮಾಡುತ್ತದೆ ಎಂದಷ್ಟೇ ಬರೆದುಕೊಡುವುದು, ಆ ಕೋಡಿನ ಮುಖವನ್ನೇ ನೋಡದ ಇನ್ನೊಂದು ತಂಡ ಹೊಸದಾಗಿ ಬರೆಯುವುದು: ಕಾಂಪ್ಯಾಕ್, ಆಮೇಲೆ ಫೀನಿಕ್ಸ್ ಹಿಡಿದ ದಾರಿ ಇದು. ಹೀಗೆ ಒಬ್ಬೊಬ್ಬರು ಒಂದೊಂದು ಬಯೋಸ್ ಬರೆದದ್ದರಿಂದಲೇ ಬೀಪ್‌ಗಳ ಲೆಕ್ಕವೂ ಒಂದೊಂದು ಬೋರ್ಡಿನಲ್ಲಿ ಒಂದೊಂದು ಥರ. ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬಂದರೆ ಗ್ರಾಫಿಕ್ಸ್ ತಕರಾರು. ಇನ್ನೊಂದು ಬಯೋಸ್‌ನಲ್ಲಿ ಅದೇ ಸದ್ದಿಗೆ ಬೇರೆ ಅರ್ಥ ಇರಬಹುದು, ಬೋರ್ಡಿನ ಕೈಪಿಡಿ ನೋಡಿಯೇ ಹೇಳಬೇಕು. ಈಗಿನ ಎಷ್ಟೋ ಬೋರ್ಡುಗಳಿಗೆ ಸ್ಪೀಕರೇ ಇರುವುದಿಲ್ಲ. ಬೆರಳ ತುದಿಯಷ್ಟು ಸ್ಪೀಕರ್ ಚಿಲ್ಲರೆ ದುಡ್ಡಿಗೆ ಸಿಗುತ್ತದೆ, ಅಂಗಡಿ ನಡೆಸುವವರು ಒಂದು ತಂದು ಸಿಕ್ಕಿಸಿಕೊಳ್ಳುವುದು ವಾಸಿ.

ಈಗ ಮಜಾ ಇರುವ ಭಾಗಕ್ಕೆ ಬರೋಣ. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಹಳದಿ ಗೆರೆಗಳಿರುತ್ತವೆ, ಡಿಡಿಆರ್3ಯಲ್ಲಿ 240, ಡಿಡಿಆರ್4ರಲ್ಲಿ 288. ಬಣ್ಣವಲ್ಲ, ಚಿನ್ನವೇ. ತಾಮ್ರದ ಮೇಲೆ ನಿಕ್ಕಲ್, ಅದರ ಮೇಲೆ ಒಂದು ಮೈಕ್ರೋಮೀಟರಿಗೂ ತೆಳುವಾದ ಚಿನ್ನದ ಲೇಪ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಹಾಗಾದರೆ ಸಂಪರ್ಕ ಕೆಡುವುದು ಹೇಗೆ?

ಎರಡು ಲೋಹಗಳು ಒಂದನ್ನೊಂದು ಮುಟ್ಟಿವೆ ಎಂದು ನಾವು ಹೇಳುವಾಗ ನಿಜಕ್ಕೂ ಎಷ್ಟು ಮುಟ್ಟಿರುತ್ತವೆ ಎಂಬ ಪ್ರಶ್ನೆಗೆ ಬದುಕನ್ನೇ ತೆತ್ತವರು ಸ್ವೀಡನ್ನಿನ ರಾಗ್ನರ್ ಹೋಮ್. ಎಷ್ಟೇ ನುಣುಪಾದ ಮೇಲ್ಮೈಯೂ ಸೂಕ್ಷ್ಮದರ್ಶಕದಡಿ ಗುಡ್ಡ-ಕಣಿವೆಗಳ ಸೀಮೆ. ಕೇಂಬ್ರಿಜ್‌ನ ಬೌಡನ್ 1950ರಲ್ಲಿ ಬಿಬಿಸಿ ರೇಡಿಯೋದಲ್ಲಿ ಇದನ್ನು ವಿವರಿಸುವಾಗ ಸ್ವಿಟ್ಜರ್ಲೆಂಡನ್ನು ಮಗುಚಿ ಆಸ್ಟ್ರಿಯಾದ ಮೇಲೆ ಕೂರಿಸುವ ಚಿತ್ರ ಕೊಟ್ಟಿದ್ದರು. ನಮ್ಮ ಜಿಲ್ಲೆಯವರು ಅಷ್ಟು ದೂರ ಹೋಗಬೇಕಿಲ್ಲ. ಜೋಗಿಮಟ್ಟಿ ಬೆಟ್ಟವನ್ನು ಎತ್ತಿ ಮಗುಚಿ ಚಿತ್ರದುರ್ಗದ ಕೋಟೆ ಬೆಟ್ಟದ ಮೇಲೆ ಇಟ್ಟರೆ ಎಲ್ಲೆಲ್ಲಿ ತಾಗೀತು? ಇಲ್ಲೊಂದು ಬಂಡೆಯ ನೆತ್ತಿ, ಅಲ್ಲೊಂದು ಕೋಡು, ಮಿಕ್ಕದ್ದೆಲ್ಲ ಬರೀ ಗಾಳಿ. ಕರೆಂಟು ಹರಿಯಬೇಕಾದ್ದು ಆ ನಾಲ್ಕಾರು ನೆತ್ತಿಗಳ ಮೂಲಕವೇ. ಹೊಸದುರ್ಗದ ಬಯಲುಗಾಳಿ ತಂದ ಧೂಳಿನ ಒಂದು ಕಣ ಅಲ್ಲಿ ಸಿಕ್ಕಿಕೊಂಡರೆ, ಅದರ ಲೆಕ್ಕದಲ್ಲಿ ಎರಡು ಬೆಟ್ಟಗಳ ನಡುವೆ ದೊಡ್ಡದೊಂದು ಗುಂಡು ಕೂತಂತೆ.

ಧೂಳಿಲ್ಲದಿದ್ದರೂ ಇನ್ನೊಂದು ಕಾಟವಿದೆ. ಹಗಲು ಕೆಲಸ ಮಾಡಿ ಬೋರ್ಡ್ ಬಿಸಿಯಾಗಿ ಹಿಗ್ಗುತ್ತದೆ, ರಾತ್ರಿ ಆರಿ ಕುಗ್ಗುತ್ತದೆ, ಫ್ಯಾನ್ ಸದಾ ನಡುಗಿಸುತ್ತಿರುತ್ತದೆ. ಸ್ಲಾಟಿನ ಸ್ಪ್ರಿಂಗು ಚಿನ್ನದ ಮೇಲೆ ಕೆಲವು ಮೈಕ್ರೋಮೀಟರ್ ಅತ್ತಿತ್ತ ಸರಿಯುತ್ತಲೇ ಇರುತ್ತದೆ. ಬೆಲ್ ಲ್ಯಾಬ್ಸ್‌ನ ಮಾರ್ಟನ್ ಆಂಟ್ಲರ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಕಣ್ಣಿಗೆ ಕಾಣದ ಈ ಸರಿದಾಟದಲ್ಲಿ ಲೇಪ ಸವೆಯುತ್ತದೆ, ಕೆಳಗಿನ ಲೋಹ ಗಾಳಿಗೆ ಬಿದ್ದು ಆಕ್ಸೈಡ್ ಆಗುತ್ತದೆ, ಆ ಪುಡಿ ಅಲ್ಲೇ ಗುಡ್ಡೆಯಾಗುತ್ತದೆ. ರ‍್ಯಾಮನ್ನು ಕಿತ್ತು ಒತ್ತಿ ಕೂರಿಸಿದಾಗ ಸ್ಪ್ರಿಂಗು ಚಿನ್ನವನ್ನು ಕೆರೆದುಕೊಂಡೇ ಇಳಿಯುತ್ತದೆ. ಪುಡಿ ಪಕ್ಕಕ್ಕೆ ಸರಿದು ಹೊಸ ನೆತ್ತಿಗಳು ತಾಗುತ್ತವೆ. ಡಿಸ್‌ಪ್ಲೇ ಬಂತು! ಹೆಸರು ರಬ್ಬರಿಗೆ. ಒರಟು ರಬ್ಬರ್, ಅದರಲ್ಲೂ ಇಂಕ್ ಅಳಿಸುವ ಥರದ್ದು, ಜಿಡ್ಡಿನ ಜೊತೆ ಚಿನ್ನವನ್ನೂ ಕೆರೆಯುತ್ತದೆ. ಪದೇ ಪದೇ ಉಜ್ಜಿದರೆ ಮುಂದಿನ ತೊಂದರೆಗೆ ನೀವೇ ದಾರಿ ಮಾಡಿಕೊಟ್ಟಂತೆ. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಎಳೆ ಬಿಡದ ಬಟ್ಟೆ ಸಾಕು.

ರಬ್ಬರಿನದು ಹೋಗಲಿ, ಯೂಟ್ಯೂಬಿನಲ್ಲಿ ಡಿಸ್‌ಪ್ಲೇ ಬರಿಸಲೆಂದು ಗ್ರಾಫಿಕ್ಸ್ ಕಾರ್ಡನ್ನು ಓವನ್‌ನಲ್ಲಿ ಬೇಯಿಸುವ ಮಹಾಶಯರೂ ಇದ್ದಾರೆ. ಕೆಲವೊಮ್ಮೆ ಕಾರ್ಡ್ ಎದ್ದು ಕೂರುವುದು ನಿಜ, ಬಹುಮಟ್ಟಿಗೆ ನಾಲ್ಕು ದಿನದ ಮಾತು. ಅಡುಗೆಯ ಓವನ್‌ನಲ್ಲಂತೂ ಕಾರ್ಡಿನ ಹೊಗೆ ಬೇಡವೇ ಬೇಡ.

ಪೆಟ್ಟಿಗೆ ಬಿಚ್ಚುವ ಮೊದಲು ಒಂದಿಷ್ಟು ನೋಡಿಕೊಳ್ಳಿ. ಮಾನಿಟರ್ 'ನೋ ಸಿಗ್ನಲ್' ಎಂದರೆ ಅದರ ಜೀವ ಗಟ್ಟಿಯಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲ್ಲನ್ನು ಬೋರ್ಡಿನ ಕಿಂಡಿಗೆ ಚುಚ್ಚಿರುವುದು ಬಲು ಸಾಮಾನ್ಯ. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರುಗಳಲ್ಲಂತೂ ಆ ಕಿಂಡಿಯಿಂದ ಏನೂ ಬರುವುದಿಲ್ಲ. ಒಂದು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎದ್ದಿದೆ, ಕೇಬಲ್, ಕಾರ್ಡ್, ಮಾನಿಟರ್ ಕಡೆ ಹುಡುಕಿ. ಹೊಸ ಡಿಡಿಆರ್5 ಯಂತ್ರಗಳು ಮೊದಲ ಸಲ ರ‍್ಯಾಮಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಕಪ್ಪಗೇ ಇರುತ್ತವೆ, ಗಾಬರಿಯಾಗಿ ಆಫ್ ಮಾಡಬೇಡಿ. 3 ವೋಲ್ಟಿನ ಸಿಆರ್2032 ಸೆಲ್ಲಿನ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ. ಅದು ಸತ್ತರೆ ಸಾಮಾನ್ಯವಾಗಿ ತಪ್ಪುವುದು ತಾರೀಖು.

ಇನ್ನು ಶ್ರೀರಾಂಪುರದ ಅಂಗಡಿಯ ಕಂಪ್ಯೂಟರ್. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿಹಿಡಿದು, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ. ಒಣ ಹವೆಯಲ್ಲಿ ಮೈಯಲ್ಲಿ ಸೇರುವ ಸ್ಥಿರ ವಿದ್ಯುತ್ತು ಚಿಪ್ಪನ್ನು ಸುಡಬಲ್ಲದು. ಹುಡುಗ ಪ್ರತಿ ಸಲ ಉಜ್ಜಿದ್ದು ರ‍್ಯಾಮನ್ನು, ಸ್ಲಾಟಿನೊಳಗಿನ ಧೂಳು ಹಾಗೇ ಉಳಿದಿರಬಹುದು. ಸ್ಲಾಟಿಗೆ ಗಾಳಿ ಹೊಡೆಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಒಂದೇ ಇದ್ದರೆ ಪಕ್ಕದ ಸ್ಲಾಟಿಗೆ ಬದಲಿಸಿ, ಕೊಕ್ಕೆ ಟಕ್ಕೆನ್ನುವ ತನಕ ಒತ್ತಿ. ತೊಂದರೆ ರ‍್ಯಾಮಿನ ಜೊತೆಗೇ ಹೋದರೆ ರ‍್ಯಾಮ್ ಬದಲಿಸಿ. ಹಳೇ ಸ್ಲಾಟಿನಲ್ಲೇ ಉಳಿದರೆ ಆ ಸ್ಲಾಟನ್ನು ಬಿಟ್ಟುಬಿಡಿ. ಅದಕ್ಕೂ ಮೊದಲೇ ಯಾರಾದರೂ ಮದರ್‌ಬೋರ್ಡ್ ಹೋಗಿದೆ ಎಂದರೆ, ಬೂಟ್ ಆಗುವ ಹಂತವನ್ನು ಅಂಕಿಯಲ್ಲಿ ತೋರಿಸುವ ಡೀಬಗ್ ಕಾರ್ಡ್ ಹಾಕಿ ಯಾವ ಕೋಡಿನಲ್ಲಿ ನಿಂತಿದೆ ತೋರಿಸಪ್ಪಾ ಎಂದು ಕೇಳಿ.